ಎರಡನೆಯ ಗೆರೆ

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಕೂರುವ ಮನುಷ್ಯರನ್ನು ಕಂಡರೆ ಚನ್ನೇಶನಿಗೆ ಒಂದು ಬಗೆಯ ಹೇಸಿಗೆ. ಹಸಿದ ಬಾಯಿಯ ವಾಸನೆ, ನಿದ್ದೆ ಹರಿಯದ ಕಣ್ಣು, ಕೈ ಚಾಚುವ ಮುಂಚೆಯೇ ಆಚೆ ತಿರುಗಿಕೊಳ್ಳುವ ಮುಖ. ತುಮಕೂರಿನ ಶಿರಾ ಗೇಟಿನ ಒಳರಸ್ತೆಯಲ್ಲಿ, ಟೈರ್ ಅಂಗಡಿಯ ಮಗ್ಗುಲಿಗಿದ್ದ ಅವನ ಲ್ಯಾಬಿನ ಬೆಂಚಿನ ಮೇಲೆ ಬಿಸಿಲೇರುವುದರೊಳಗೆ ಅಂಥವರು ಸಾಲಾಗಿ ಕೂತಿರುತ್ತಿದ್ದರು. ಬೆಂಚಿನ ಮೇಲೆ ಇರುವಷ್ಟು ಹೊತ್ತು ಅವರೆಲ್ಲ ದೊಡ್ಡ ಮನುಷ್ಯರೇ. ತೋಳಿಗೆ ರಬ್ಬರ್ ಪಟ್ಟಿ ಬಿಗಿದದ್ದೇ ತಡ, ಚಿಕ್ಕವರಾಗಿಬಿಡುತ್ತಿದ್ದರು. ಊರಿಗೆಲ್ಲ ಬುದ್ಧಿ ಹೇಳುವ ಹೆಡ್‌ಮಾಸ್ಟರು ‘ಅಮ್ಮಾ’ ಎಂದು ಉಸಿರು ಹಿಡಿಯುತ್ತಿದ್ದರು. ಮೀಸೆ ಬಿಟ್ಟ ಪೇದೆ ಕಣ್ಣು ಮುಚ್ಚಿಕೊಂಡು ಮನೆದೇವರ ಹೆಸರು ಹೇಳುತ್ತಿದ್ದ. ಚನ್ನೇಶ ಗ್ಲೌಸ್ ಹಾಕುತ್ತಿರಲಿಲ್ಲ. ನರ ಸಿಗಬೇಕಾದರೆ ಬೆರಳ ತುದಿಗೆ ಚರ್ಮ ತಾಗಬೇಕು, ಗ್ಲೌಸ್ ಹಾಕಿಕೊಂಡು ನಾಲ್ಕು ಕಡೆ ಚುಚ್ಚುವವರು ಕೆಲಸ ಬಾರದವರು ಎಂದು ಅವನ ನಂಬಿಕೆ. ಒಂದೇ ಚುಚ್ಚಿಗೆ ರಕ್ತ ತೆಗೆದು, ಅದೇ ಕೈಯಲ್ಲಿ ಸೂಜಿಗೆ ಮುಚ್ಚಳ ಹಾಕುತ್ತಿದ್ದ. ಆಗಾಗ ಬೆರಳಿಗೆ ತಾನೇ ಚುಚ್ಚಿಕೊಳ್ಳುತ್ತಿದ್ದ. ಸ್ಪಿರಿಟ್ ಸವರಿ ಮರೆಯುತ್ತಿದ್ದ. ಸಂಜೆ ರಿಪೋರ್ಟ್ ಕೊಡುವಾಗ ಯಾರದಾದರೂ ಕೆಟ್ಟದಿದ್ದರೆ ಮುಖ ನೋಡದೆ ಕವರ್ ಮುಂದಕ್ಕೆ ತಳ್ಳಿ ‘ಡಾಕ್ಟರ್‌ನ ಕೇಳಿ’ ಎನ್ನುತ್ತಿದ್ದ. ಅವರು ಮೆಟ್ಟಿಲಿಳಿಯುವಾಗ ಬೆನ್ನು ನೋಡುತ್ತಿದ್ದ. ಏನು ಮಾಡಿಕೊಂಡಿದ್ದೀಯೋ ಏನೋ, ಅನುಭವಿಸು ಎಂದು ಮನಸ್ಸಿನಲ್ಲಿ ಅಂದುಕೊಳ್ಳುವುದು ಅವನಿಗೆ ಕಾಫಿ ಕುಡಿದಷ್ಟು ಸಹಜವಾಗಿತ್ತು.

ಅವತ್ತು ಅವನು ಗುಬ್ಬಿಯ ಮನೆಯಿಂದಲೇ ಒಂದು ರಕ್ತದ ಟ್ಯೂಬು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಹೆಂಡತಿ ಸಿಂಚನಾಳದು. ಅವಳು ಆರು ತಿಂಗಳ ಬಸುರಿ. ಮೊದಲೇ ಮಾಡಿಸಬೇಕಾಗಿದ್ದ ಹೆಪಟೈಟಿಸ್ ಸಿ ಪರೀಕ್ಷೆಯನ್ನು ಅವನೇ ಬಿಟ್ಟಿದ್ದ. ನಮ್ಮ ಮನೆಯ ಹೆಂಗಸಿಗೆ ಅದೆಂಥದ್ದು, ಲಾರಿ ಓಡಿಸುವವರಿಗೆ, ಸೂಜಿ ಚುಚ್ಚಿಕೊಂಡು ಅಮಲೇರಿಸಿಕೊಳ್ಳುವವರಿಗೆ ಮಾಡುವ ಪರೀಕ್ಷೆ ಅದು. ಆದರೆ ಹೆರಿಗೆ ಮಾಡಿಸಲಿದ್ದ ಡಾಕ್ಟರ್ ಮಾಲಿನಿ ಈ ಸಲ ಬಿಡಲಿಲ್ಲ. ‘ಬಸುರಿಯರಿಗೆಲ್ಲ ಮಾಡ್ತೀವಿ ಚನ್ನೇಶ್. ನಿಮ್ಮನೆಯವರು ಅಂತ ಬಿಡೋಕಾಗುತ್ತಾ?’ ಎಂದಿದ್ದರು. ಆ ‘ನಿಮ್ಮನೆಯವರು’ ಎಂಬ ಮಾತಿನಲ್ಲಿ ಸಣ್ಣ ನಗೆಯಿತ್ತೇ ಎಂದು ಅವನು ಎರಡು ದಿನ ಯೋಚಿಸಿದ್ದ. ಬೆಳಗ್ಗೆ ಅಡಿಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿ ಅವಳನ್ನು ಕೂರಿಸಿದ. ಅವಳು ಮುಖ ತಿರುಗಿಸಲಿಲ್ಲ. ಸೂಜಿ ಒಳಗೆ ಹೋಗುವುದನ್ನೂ ರಕ್ತ ಏರುವುದನ್ನೂ ನೆಟ್ಟ ಕಣ್ಣಿನಿಂದ ನೋಡುತ್ತ, ‘ನಿಮ್ ಕೈ ಎಷ್ಟ್ ತಣ್ಣಗಿದೆ ರೀ’ ಎಂದಳು. ಅವನಿಗೆ ಅದು ಹಿಡಿಸಲಿಲ್ಲ. ಹೆದರದವರ ತೋಳಿಗೆ ಚುಚ್ಚುವುದರಲ್ಲಿ ಅವನಿಗೆ ಯಾವ ದೊಡ್ಡಸ್ತಿಕೆಯೂ ಸಿಗುತ್ತಿರಲಿಲ್ಲ.

ಪರೀಕ್ಷೆಯ ಕಾರ್ಡಿನ ಮೇಲೆ ಅವಳ ರಕ್ತದ ಹನಿ ಬಿಟ್ಟು, ದ್ರಾವಣ ಹಾಕಿ, ಬೇರೆಯವರ ಸಕ್ಕರೆ ನೋಡುತ್ತ ನಿಂತ. ತಿರುಗಿ ನೋಡಿದಾಗ ಎರಡು ಗೆರೆ ಇದ್ದವು. ಒಂದು ಗೆರೆ ಪರೀಕ್ಷೆ ಸರಿಯಾಗಿ ನಡೆಯಿತು ಎಂದು ಹೇಳುವುದು, ಎಲ್ಲರಿಗೂ ಬರುವುದು. ಎರಡನೆಯದು ಬರಬಾರದ್ದು. ಅದು ಮಸುಕಾಗಿತ್ತು, ಪೆನ್ಸಿಲಿನಲ್ಲಿ ಎಳೆದು ಅರ್ಧ ಅಳಿಸಿದ ಹಾಗೆ, ಆದರೆ ಇತ್ತು. ಬೇರೆ ಡಬ್ಬಿಯ ಕಾರ್ಡಿನಲ್ಲಿ ಮತ್ತೆ ಮಾಡಿದ. ಮತ್ತೆ ಇತ್ತು. ಅವನಿಗೆ ಮೊದಲು ಬಂದದ್ದು ದುಃಖವಲ್ಲ, ಹೆದರಿಕೆಯೂ ಅಲ್ಲ. ಸಿಕ್ಕಿಬಿದ್ದಳು ಎಂಬ ಒಂದು ತರದ ಸಮಾಧಾನ. ಮದುವೆಯಾದಾಗಿನಿಂದ ಅವಳಲ್ಲಿ ಏನೋ ಇದೆ, ತನಗೆ ಹೇಳದ್ದು ಏನೋ ಇದೆ ಎಂದು ಅವನು ಹುಡುಕುತ್ತಲೇ ಇದ್ದ. ಏನೂ ಸಿಕ್ಕಿರಲಿಲ್ಲ. ಅವಳ ಅಪ್ಪ ಏಕಾಂತಯ್ಯ ಯಡಿಯೂರಿನಲ್ಲಿ ದೇವಸ್ಥಾನದ ಎದುರು ಹಣ್ಣುಕಾಯಿ ಅಂಗಡಿ ಇಟ್ಟವನು. ಬಸ್ಸಿಳಿದ ಭಕ್ತರನ್ನು ‘ಬನ್ನಿ ಯಜಮಾನ್ರೇ, ಚಪ್ಲಿ ಇಲ್ಲೇ ಬಿಡಿ’ ಎಂದು ಕರೆಯುವವನು. ಹೆಣ್ಣು ನೋಡಲು ಹೋದಾಗ ಆ ಮನುಷ್ಯ ತನಗೂ ಅದೇ ದನಿಯಲ್ಲಿ ‘ಬನ್ನಿ, ಚಪ್ಲಿ ಇಲ್ಲೇ ಬಿಡಿ’ ಎಂದದ್ದನ್ನು ಚನ್ನೇಶ ಮರೆತಿರಲಿಲ್ಲ. ಸಿಂಚನಾಳ ಎಡಗೈ ಮೇಲೆ, ಗಡಿಯಾರ ಕಟ್ಟುವಲ್ಲಿ, ಪುಟ್ಟ ಲಿಂಗದ ಹಚ್ಚೆ ಇತ್ತು. ಚಿಕ್ಕವಳಿದ್ದಾಗ ಅಂಗಡಿಯ ಮಗ್ಗುಲಲ್ಲಿ ಕೂರುತ್ತಿದ್ದ ಹಚ್ಚೆಯವಳ ಹತ್ತಿರ ಹಟ ಮಾಡಿ ಹಾಕಿಸಿಕೊಂಡದ್ದಂತೆ. ಒಂದೇ ಸೂಜಿಯಲ್ಲಿ ಎಷ್ಟು ಜನರ ಕೈ ಚುಚ್ಚಿರುತ್ತಾಳೋ ಅವಳು. ಬೀದಿಯಲ್ಲಿ ಬೆಳೆದದ್ದು ಎಂದು ಅವನು ಬಾಯಿಬಿಟ್ಟು ಅಂದ. ಬೆಂಚಿನ ಮೇಲಿದ್ದ ಮುದುಕ ‘ಏನಂದ್ರಿ?’ ಎಂದು ಕೇಳಿದ.

ಮಧ್ಯಾಹ್ನ ಜನ ಕರಗಿದ ಮೇಲೆ ಶಟರ್ ಅರ್ಧ ಎಳೆದ. ತನ್ನ ರಕ್ತವನ್ನೂ ನೋಡಿಬಿಡೋಣ ಎಂದುಕೊಂಡದ್ದು ಅನುಮಾನದಿಂದಲ್ಲ. ಅವನಿಗೆ ಒಂದೇ ಗೆರೆಯ ಕಾರ್ಡು ಬೇಕಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಆಸೆ. ಇದು ನಿನ್ನದು, ಇದು ನನ್ನದು ಎಂದು ಹೇಳುವಾಗ ಅವಳ ಮುಖ ಹೇಗಾಗಬಹುದೆಂದು ಕಲ್ಪಿಸಿಕೊಳ್ಳುತ್ತಲೇ ಬೆರಳು ಚುಚ್ಚಿಕೊಂಡ. ಹನಿ ಹರಿದು ಮುಂದಕ್ಕೆ ಸಾಗುತ್ತಿದ್ದ ಹಾಗೇ ಎರಡನೆಯ ಗೆರೆ ಮೊದಲು ಮೂಡಿತು. ಕಾಯಿಸಲಿಲ್ಲ. ಅವಳದರ ಹಾಗೆ ಅಳಿಸಿದಂತೆಯೂ ಇರಲಿಲ್ಲ. ಗಾಢ ಕೆಂಪು, ಕುಂಕುಮದಲ್ಲಿ ಎಳೆದ ಹಾಗೆ. ಹೊರಗೆ ಟೈರಿಗೆ ಗಾಳಿ ತುಂಬುವ ಯಂತ್ರ ದಡದಡ ಎನ್ನುತ್ತಿತ್ತು. ಎಷ್ಟೋ ವರ್ಷದ ಹಿಂದೆ, ಇನ್ನೂ ಬೇರೆಯವರ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಗ, ಕಣ್ಣು ಹಳದಿಯಾಗಿದ್ದ ಒಬ್ಬ ಲಾರಿ ಡ್ರೈವರ್ ಬಂದಿದ್ದ. ರಕ್ತ ತೆಗೆದು ಮುಚ್ಚಳ ಹಾಕುವಾಗ ಸೂಜಿ ಹೆಬ್ಬೆರಳಿನೊಳಕ್ಕೇ ಹೋಗಿತ್ತು. ಆ ಡ್ರೈವರ್ ನಕ್ಕು, ‘ನಂದೂ ನಿಮ್ದೂ ಒಂದಾಯ್ತಲ್ಲ ಸಾರ್’ ಎಂದಿದ್ದ. ಅವನ ಹಲ್ಲಿನ ಸಂದಿನ ಎಲೆಯಡಿಕೆಯ ಚೂರು ಸಹಿತ ಈಗ ನೆನಪಾಯಿತು. ಆಗ ಚನ್ನೇಶನಿಗೆ ಅವನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಅಂಥವನ ಜತೆ ತನ್ನನ್ನು ಸೇರಿಸಿ ಮಾತಾಡಿದನಲ್ಲ ಎಂಬ ಅವಮಾನದಲ್ಲಿ ಬೆರಳು ತೊಳೆಯುವುದನ್ನೂ ಮರೆತಿದ್ದ. ಕಾರ್ಡನ್ನು ಎರಡು ತುಂಡು ಮಾಡಿ ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ಒತ್ತಿದ. ಕೈ ತೊಳೆದ. ಮತ್ತೆ ತೊಳೆದ.

ಡಾಕ್ಟರ್ ಮಾಲಿನಿಗೆ ಫೋನ್ ಮಾಡಲೇಬೇಕಾಗಿತ್ತು. ಹೆಂಡತಿಯ ರಿಪೋರ್ಟಿನಲ್ಲಿ ಸುಳ್ಳು ಬರೆದುಬಿಡಬಹುದೆಂಬ ಯೋಚನೆ ಬಾರದೆ ಇರಲಿಲ್ಲ. ನಾಳೆ ಬೇರೆ ಕಡೆ ಗೊತ್ತಾದರೆ ಲ್ಯಾಬ್ ಮುಚ್ಚಬೇಕಾಗುತ್ತದೆ ಎಂಬ ಲೆಕ್ಕವೂ ಅದರ ಹಿಂದೆಯೇ ಬಂತು. ಆ ಹೆಂಗಸು ಎಲ್ಲವನ್ನೂ ಸಮಾಧಾನವಾಗಿ ಕೇಳಿದರು. ಆ ಸಮಾಧಾನ ಅವನ ಮೈ ಉರಿಸಿತು. ‘ಈ ಕಾರ್ಡು ಹೇಳೋದು ಯಾವಾಗಲೋ ಸೋಂಕು ತಗುಲಿತ್ತು ಅಂತ ಮಾತ್ರ. ಈಗ ವೈರಸ್ ಇದೆಯೋ ಇಲ್ವೋ ಅಂತ ಇನ್ನೊಂದು ಪರೀಕ್ಷೆ ಮಾಡಿದ್ರೆ ಗೊತ್ತಾಗೋದು, ನಿಮಗೇ ಗೊತ್ತಲ್ಲ. ದೊಡ್ಡಾಸ್ಪತ್ರೇಲಿ ಮಾಡ್ತಾರೆ, ಕಳ್ಸಿ. ಇದ್ರೂ ಮಗುಗೆ ಹೋಗೋದು ಕಮ್ಮಿ. ನಾರ್ಮಲ್ ಹೆರಿಗೆ ಆಗಬಹುದು, ಹಾಲೂ ಕುಡಿಸಬಹುದು. ಮಾತ್ರೆ ಆಮೇಲೆ. ಅವ್ರನ್ನ ಹೆದರಿಸಬೇಡಿ ಆಯ್ತಾ? ಹಾಗೇ ನಿಮ್ದೂ ಒಂದು ನೋಡ್ಕೊಂಡ್ಬಿಡಿ.’

‘ನೋಡ್ದೆ ಮೇಡಂ,’ ಎಂದ. ‘ನೆಗೆಟಿವ್.’

ಇಷ್ಟು ಸರಾಗವಾಗಿ ಬಂತಲ್ಲ ಎಂದು ಅವನಿಗೇ ಅಚ್ಚರಿಯಾಯಿತು. ಸುಳ್ಳು ಹೇಳಬೇಕೆಂದು ಅವನು ನಿರ್ಧರಿಸಿರಲಿಲ್ಲ. ಆದರೆ ಹೇಳಿದ ಮೇಲೆ ಅದು ಹೇಳಿದ್ದಾಯಿತು. ಗುಬ್ಬಿಯ ದಾರಿಯುದ್ದಕ್ಕೂ, ಬೈಕಿನ ಕನ್ನಡಿಯಲ್ಲಿ ತನ್ನ ಹೆಲ್ಮೆಟ್ಟಿನ ತುಣುಕು ಕಾಣುವಾಗೆಲ್ಲ, ಯಾರಿಗೂ ಏನೂ ಗೊತ್ತಿಲ್ಲವಲ್ಲ ಎಂಬುದು ಒಂದು ನೆಲೆಯ ಹಾಗೆ ಕಾಲ ಕೆಳಗೆ ಸಿಕ್ಕಿತು.

ಅವನ ತಾಯಿ ಸರ್ವಮಂಗಳಮ್ಮ ಸಂಜೆಯ ಪೂಜೆ ಮುಗಿಸಿ, ಹಣೆಯಲ್ಲಿ ವಿಭೂತಿ ಇನ್ನೂ ಒದ್ದೆಯಾಗಿರುವಾಗಲೇ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಗಂಡ ತೀರಿಕೊಂಡ ಮೇಲೆ ಮನೆ, ಮಗ, ಮಡಿ ಮೂರನ್ನೂ ಒಂದೇ ಕೈಯಲ್ಲಿ ಹಿಡಿದವಳು. ಸಿಂಚನಾ ಒಳಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಮೊದಲು ಹೆಂಡತಿಗೆ ಹೇಳಬೇಕು ಎಂದು ಅವನಿಗೆ ಗೊತ್ತಿತ್ತು. ಆದರೆ ಅವಳು ನೆಟ್ಟ ಕಣ್ಣಿನಿಂದ ನೋಡುತ್ತಾಳೆ, ನಿಮ್ಮದು ನೋಡಿಕೊಂಡಿರಾ ಎನ್ನುತ್ತಾಳೆ. ಅಮ್ಮನಿಗೆ ಹೇಳಿದರೆ ಅಮ್ಮ ಮಾತಾಡುತ್ತಾಳೆ, ತಾನು ಸುಮ್ಮನಿರಬಹುದು. ಹಾಗೆಂದುಕೊಂಡು, ಚಪ್ಪಲಿ ಬಿಟ್ಟವನೇ ಅಮ್ಮನ ಎದುರು ಕುಕ್ಕರಗಾಲಲ್ಲಿ ಕೂತು ಹೇಳಿದ.

‘ರಕ್ತದಾಗಾ?’ ಸರ್ವಮಂಗಳಮ್ಮನ ಕೈ ನಿಂತಿತು. ‘ಎಂಥ ಕಾಯ್ಲೆನ್ಲಾ ಅದು? ಏಡ್ಸಾ?’

‘ಅದಲ್ಲಮ್ಮ. ಲಿವರಿಂದು.’

‘ಅಂಟುತ್ತಾ?’

‘ರಕ್ತದಿಂದ ಮಾತ್ರ. ಊಟ ತಿಂಡಿಗೆಲ್ಲ ಏನಾಗಲ್ಲ.’ ಕೊನೆಯ ಮಾತನ್ನು ಎಷ್ಟು ಮೆಲ್ಲಗೆ ಹೇಳಿದನೆಂದರೆ ಅದು ಹೇಳದೆ ಇದ್ದ ಹಾಗೇ ಆಯಿತು.

‘ನಂಗೊತ್ತಿತ್ತು ಕಣೋ. ಅವ್ರಪ್ಪನ ಅಂಗ್ಡಿ ಮುಂದೆ ಬರೋ ಹೋಗೋ ಜನ ಎಂಥೆಂಥೋರೋ. ಆ ನೀರು ಈ ನೀರು. ಹೆಣ್ ನೋಡ್ದಾಗ್ಲೇ ಬ್ಯಾಡ ಅಂದೆ, ನೀನು ಬಣ್ಣ ನೋಡ್ದೆ.’ ಅವಳು ಒಳಕೋಣೆಯ ಕಡೆ ತಿರುಗಿ ದನಿ ಏರಿಸಿದಳು. ‘ನಮ್ ವಂಶದಾಗೆ ರಕ್ತದ ಕಾಯ್ಲೆ ಅಂತ ಒಬ್ರಿಗೂ ಇರ್ಲಿಲ್ಲ.’

ಸಿಂಚನಾ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಅವನದೇ ಅಂಗಿ ಅರ್ಧ ಮಡಿಸಿದ್ದು. ಅವಳು ಅತ್ತೆಯನ್ನು ನೋಡಲಿಲ್ಲ. ‘ನಂಗಾ?’ ಎಂದು ಅವನನ್ನು ಕೇಳಿದಳು. ಅವನು ತಲೆಯಾಡಿಸಿದ. ‘ಮಗೂಗೆ?’ ಅವನು ಲ್ಯಾಬಿನ ದನಿಯಲ್ಲಿ, ಹೋಗೋದು ಕಮ್ಮಿ, ಇನ್ನೊಂದು ಟೆಸ್ಟ್ ಆಗಬೇಕು, ಡಾಕ್ಟರ್‌ನ ಕೇಳಬೇಕು ಎಂದೆಲ್ಲ ಹೇಳಿದ. ಅವಳು ಎಲ್ಲ ಕೇಳಿಸಿಕೊಂಡು, ಹೊಟ್ಟೆಯ ಮೇಲೆ ಅಂಗಿಯನ್ನು ಒತ್ತಿ ಹಿಡಿದು, ‘ನಿಮ್ದು ನೋಡ್ಕೊಂಡ್ರಾ?’ ಎಂದಳು.

‘ನೋಡ್ದೆ. ಏನಿಲ್ಲ.’

‘ಸದ್ಯ,’ ಎಂದಳು ಅವಳು. ನಿಜವಾಗಿಯೂ ಉಸಿರು ಬಿಟ್ಟು ಹೇಳಿದಳು. ಅವನಿಗೆ ಅವಳ ಮೇಲೆ ಅಸಹನೆ ಉಕ್ಕಿತು. ಇಷ್ಟು ಸುಲಭವಾಗಿ ನಂಬುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಸರ್ವಮಂಗಳಮ್ಮ ಸೊಸೆಗೆ ಈಳಿಗೆಮಣೆ ಮುಟ್ಟಬೇಡ ಎಂದಳು, ದೇವರ ಮನೆಗೆ ಬರಬೇಡ ಎಂದಳು, ಅವಳು ಕೂತೆದ್ದ ಕಡೆ ಒದ್ದೆ ಬಟ್ಟೆ ಹಾಕಿದಳು. ಎಲ್ಲವನ್ನೂ ಕಾಳಜಿಯ ದನಿಯಲ್ಲಿಯೇ ಹೇಳಿದಳು. ಸೀಮಂತಕ್ಕೆ ಕರೆದಿದ್ದ ನೆಂಟರಿಗೆ ಫೋನ್ ಮಾಡಿ, ‘ಹುಡ್ಗಿಗೆ ಒಸಿ ಸುಸ್ತು’ ಎಂದು ಹೇಳುವಾಗ ‘ಒಸಿ’ಯನ್ನು ಎಳೆದು ಹೇಳಿ, ಆಚೆಯವರು ಇನ್ನೂ ಎರಡು ಪ್ರಶ್ನೆ ಕೇಳುವ ಹಾಗೆ ಮಾಡುತ್ತಿದ್ದಳು. ಚನ್ನೇಶ ಇದನ್ನೆಲ್ಲ ಪೇಪರು ಓದುತ್ತ ಕೇಳಿಸಿಕೊಂಡ. ಒಂದು ಮಾತು ಹೇಳಿದರೆ ನಿಲ್ಲುತ್ತಿತ್ತು. ಹೀಗೆ ಅಂಟುವುದಿಲ್ಲ ಎಂದು ಗದರಿದರೂ ಸಾಕಾಗಿತ್ತು. ಆದರೆ ಅಮ್ಮನ ಒದ್ದೆ ಬಟ್ಟೆ ಸಿಂಚನಾ ಕೂತ ಜಾಗವನ್ನು ಉಜ್ಜುವಾಗ ತಾನು ಕೂತ ಜಾಗ ಉಳಿಯುತ್ತಿತ್ತಲ್ಲ. ತಾಯಿಯ ಮೂಢತನವನ್ನೂ ಹೆಂಡತಿಯ ಮೂಕತನವನ್ನೂ ಒಂದೇ ಸಲ ತಿರಸ್ಕರಿಸುತ್ತ, ಇವರ ನಡುವೆ ತಾನೊಬ್ಬನೇ ತಿಳಿದವನು ಎಂಬ ಹಳೆಯ ಹೆಮ್ಮೆಯನ್ನು ಉಳಿಸಿಕೊಳ್ಳಲು ನೋಡುತ್ತಿದ್ದ. ಅದು ಈಗ ಬಾಯಿಗೆ ಹುಳಿಯಾಗಿ ಬರುತ್ತಿತ್ತು. ಬಚ್ಚಲಲ್ಲಿ ತನ್ನ ರೇಜರನ್ನು ಎತ್ತಿ ಮೇಲಿನ ಗೂಡಿನಲ್ಲಿಟ್ಟ. ಉಗುರು ಕತ್ತರಿ ಜೇಬಿಗೆ ಹಾಕಿಕೊಂಡ. ಹೀಗೆ ಗುಟ್ಟಾಗಿ ಕಾಯುವುದರಲ್ಲಿ ತನಗೂ ಒಂದು ಒಳ್ಳೆಯತನ ಇದೆ ಎಂದು ಆಗೀಗ ಅನ್ನಿಸುತ್ತಿತ್ತು.

‘ತವರಿಗೆ ಹೋಗಿ ಹೆರಿಗೆ ಮುಗಿಸ್ಕೊಂಡ್ ಬರ್ಲಿ. ಆಮೇಲೆ ನೋಡನ,’ ಎಂದಳು ತಾಯಿ. ಆ ‘ಆಮೇಲೆ ನೋಡನ’ ಏನೆಂದು ಮೂವರಿಗೂ ಗೊತ್ತಿತ್ತು. ಚನ್ನೇಶ ಕಾರು ಬಾಡಿಗೆಗೆ ತಂದು ಅವಳನ್ನು ಕೂರಿಸಿಕೊಂಡು ಹೊರಟ. ತುಮಕೂರು ದಾಟಿ, ಹೆಬ್ಬೂರು ದಾಟಿ, ಕುಣಿಗಲ್ಲಿನ ಕೆರೆ ಏರಿ ಕಾಣುವವರೆಗೂ ಅವಳು ಕಿಟಕಿಯಾಚೆಗೇ ನೋಡುತ್ತ ಕೂತಿದ್ದಳು. ಅಲ್ಲಿ ಒಮ್ಮೆ, ‘ನಾನ್ ಏನ್ ತಪ್ಪು ಮಾಡಿದೀನಿ ಅಂತ ಯೋಚ್ನೆ ಮಾಡ್ತಾನೇ ಇದೀನಿ ರೀ. ಹಚ್ಚೆ ಹಾಕುಸ್ಕೊಂಡಿದ್ದೊಂದೇ ನೆನಪಾಗೋದು,’ ಎಂದಳು. ಅವನು ಗೇರ್ ಬದಲಾಯಿಸಿದ. ‘ಇರಬೋದು’ ಎಂದ. ಅವಳು ಮಣಿಕಟ್ಟಿನ ಲಿಂಗವನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಆ ಕ್ಷಣ ಗಾಡಿ ನಿಲ್ಲಿಸಿ ಹೇಳಿಬಿಡಬಹುದಾಗಿತ್ತು ಎಂದು ಹಿಂದಕ್ಕೆ ಬರುವಾಗ, ಒಬ್ಬನೇ ಇದ್ದಾಗ, ಅದೇ ಕೆರೆ ಏರಿಯ ಮೇಲೆ ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನನ್ನು ಸ್ವಲ್ಪ ಮೆಚ್ಚಿಕೊಂಡ. ಆಮೇಲೆ ಆ ಮೆಚ್ಚಿಕೆಯನ್ನು ನೋಡಿ ಹೇಸಿದ.

ಲ್ಯಾಬಿನಲ್ಲಿ ಗ್ಲೌಸ್ ಹಾಕಲು ಶುರು ಮಾಡಿದ. ‘ಏನ್ ಸಾರ್, ಇದ್ದಕ್ಕಿದ್ದಂಗೆ ಗ್ಲೌಸು? ಏನಾದ್ರೂ ಕಾಯ್ಲೆ ಬಂದಿದ್ಯಾ ಊರಿಗೆ?’ ಎಂದು ಟೈರ್ ಅಂಗಡಿಯ ಕದರಯ್ಯ ಕೇಳಿ ನಕ್ಕ. ನರ ಸಿಗುತ್ತಿರಲಿಲ್ಲ. ತೆಳ್ಳನೆಯ ಚರ್ಮದ ಒಬ್ಬ ಅಜ್ಜಿಗೆ ಮೂರು ಕಡೆ ಚುಚ್ಚಿದ. ಅವಳು ಅಳಲಿಲ್ಲ. ‘ನಿಧಾನ ಮಾಡು ಮಗಾ, ನನ್ ಕೈ ಎಲ್ಲೂ ಓಡೋಗಕಿಲ್ಲ,’ ಎಂದಳು. ಬೆಂಚಿನ ಮೇಲಿದ್ದವರೆಲ್ಲ ನೋಡುತ್ತಿದ್ದರು. ಚನ್ನೇಶನಿಗೆ ಆ ಅಜ್ಜಿಯ ಕರುಣೆಯನ್ನು ಅವಳ ಮುಖಕ್ಕೇ ಎಸೆಯಬೇಕೆನ್ನಿಸಿತು. ಬೆವರಿನಿಂದ ಗ್ಲೌಸಿನೊಳಗೆ ಬೆರಳು ಜಾರುತ್ತಿದ್ದವು.

ಸಿಂಚನಾ ದೊಡ್ಡಾಸ್ಪತ್ರೆಗೆ ಅಪ್ಪನ ಜತೆ ಹೋದಳು. ಲ್ಯಾಬಿನಿಂದ ಆಸ್ಪತ್ರೆ ಹತ್ತಿರವೇ ಇದ್ದರೂ ಅವನು ಹೋಗಲಿಲ್ಲ. ಅಲ್ಲಿ ತನ್ನನ್ನು ಬಲ್ಲವರಿದ್ದಾರೆ ಎಂಬುದು ಅವನು ಕೊಟ್ಟ ಕಾರಣ. ಗಂಡನನ್ನೂ ಕರೆದುಕೊಂಡು ಬನ್ನಿ, ರಕ್ತ ನೋಡಬೇಕು ಎಂದು ಅಲ್ಲಿಯ ಕೌನ್ಸೆಲರ್ ಹೇಳಿದ್ದರಂತೆ. ‘ಅವ್ರು ಲ್ಯಾಬಲ್ಲೇ ನೋಡ್ಕೊಂಡಿದಾರೆ, ಏನಿಲ್ಲ ಅಂದೆ,’ ಎಂದು ಅವಳು ಫೋನಿನಲ್ಲಿ ಹೇಳಿದಳು. ಕೆಲವು ದಿನ ಬಿಟ್ಟು ಮತ್ತೆ ಫೋನ್ ಬಂತು. ಈ ಸಲ ಅವಳ ದನಿ ಬೇರೆಯಾಗಿತ್ತು. ‘ರೀ, ವೈರಸ್ಸೇ ಇಲ್ವಂತೆ. ಯಾವಾಗ್ಲೋ ಬಂದು ಹೋಗಿದೆಯಂತೆ. ಮಾತ್ರೆ ಏನೂ ಇಲ್ದೆ ನನ್ ಮೈಯೇ ಓಡ್ಸಿದೆಯಂತೆ. ಮಗೂಗೂ ಏನಿಲ್ಲ.’ ಅವಳು ನಗುತ್ತಿದ್ದಳು, ಹಾಗೇ ಅಳುತ್ತಿದ್ದಳು. ಹೀಗೂ ಆಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಕೆಲವರ ಮೈ ಅದನ್ನು ತಾನೇ ಹೊರಗೆ ಹಾಕುತ್ತದೆ, ಕೆಲವರದು ಇಟ್ಟುಕೊಳ್ಳುತ್ತದೆ. ಅವಳ ಮೈ ಹೊರಗೆ ಹಾಕಿತ್ತು. ಹಣ್ಣುಕಾಯಿ ಅಂಗಡಿಯವನ ಮಗಳ ಮೈ. ‘ಒಳ್ಳೇದಾಯ್ತು’ ಎಂದು ಅವನು ಹೇಳಿದ ಮಾತು ಯಾರೋ ದೂರದ ನೆಂಟರಿಗೆ ಹೇಳಿದ ಹಾಗಿತ್ತು.

ಸರ್ವಮಂಗಳಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ‘ನಾನ್ ಹೇಳ್ಲಿಲ್ವಾ, ನಮ್ ಮನೆ ಸೊಸೆಗೆ ಅಂಥದ್ದೆಲ್ಲ ಬರಾಕಿಲ್ಲ ಅಂತ. ಹೋಗ್ ಕರ್ಕೊಂಡ್ ಬಾ. ಸೀಮಂತ ಮಾಡನ,’ ಎಂದಳು. ತಾನು ಹಿಂದೆ ಆಡಿದ ಮಾತು ಅವಳ ಮನಸ್ಸಿನಲ್ಲಿ ಒಂದು ಕಲೆಯನ್ನೂ ಉಳಿಸಿರಲಿಲ್ಲ. ಚನ್ನೇಶನಿಗೆ ಅವಳನ್ನು ಕಂಡು ಹೊಟ್ಟೆಕಿಚ್ಚಾಯಿತು.

ಭಾನುವಾರ ಅವನು ಯಡಿಯೂರಿಗೆ ಹೋದಾಗ ಏಕಾಂತಯ್ಯ ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ ಮನೆಯಲ್ಲಿಯೇ ಇದ್ದ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿತ್ತು. ಒಳಗಿನಿಂದ ಹೋಳಿಗೆಯ ಬಿಸಿ ವಾಸನೆ ಬರುತ್ತಿತ್ತು. ಅವನು ಬಾಡಿಗೆ ಕಾರಿನಿಂದ ಇಳಿದದ್ದೇ ತಡ, ಸಿಂಚನಾಳ ಬ್ಯಾಗು ಅದರ ಹಿಂದಿನ ಸೀಟಿಗೆ ಬಂದಿತ್ತು. ಅವಳು ಹಸಿರು ಸೀರೆ ಉಟ್ಟಿದ್ದಳು, ಮುಖ ತುಂಬಿಕೊಂಡಿತ್ತು. ಅವನನ್ನು ಕಂಡು ನಕ್ಕಾಗ ಅದರಲ್ಲಿ ಯಾವ ದೂರೂ ಇರಲಿಲ್ಲ. ಅದೇ ಅವನಿಗೆ ತಡೆಯಲಾರದ್ದಾಯಿತು. ಅಂಗಳದಲ್ಲಿ ಎಳನೀರಿನ ಗೊನೆ ಇತ್ತು. ಏಕಾಂತಯ್ಯ ಮಚ್ಚು ಹಿಡಿದು, ‘ಕೂತ್ಕಳಿ ಅಳಿಯಂದ್ರೇ, ಬಿಸ್ಲಾಗೆ ಬಂದಿದೀರ, ಒಂದ್ ಎಳನೀರ್ ಕೊಚ್ಚಿಕೊಡ್ತೀನಿ,’ ಎಂದ. ಅದೇ ಬಸ್ಸಿನ ಭಕ್ತರನ್ನು ಕರೆಯುವ ದನಿ. ‘ಕೊಡಿ ಮಾವ, ನಾನೇ ಕೊಚ್ತೀನಿ,’ ಎಂದ ಚನ್ನೇಶ. ‘ಬ್ಯಾಡ ಬುಡಿ, ನಿಮ್ದು ಸೂಜಿ ಹಿಡಿಯೋ ಕೈ. ನಾಜೂಕು,’ ಎಂದು ಏಕಾಂತಯ್ಯ ನಕ್ಕ. ಆ ನಗೆಯಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲವೆಂದು ಆಮೇಲೆ ಎಷ್ಟೋ ಸಲ ಅವನಿಗೆ ಹೊಳೆಯಿತು. ಆಗ ಮಾತ್ರ ಮಚ್ಚನ್ನು ಕಿತ್ತುಕೊಂಡ ಹಾಗೇ ತೆಗೆದುಕೊಂಡ. ಎರಡನೆಯ ಏಟು ಕಾಯಿಯ ಮೇಲೆ ಜಾರಿ ಎಡಗೈಯ ಹೆಬ್ಬೆರಳಿಗೆ ಬಿತ್ತು.

ರಕ್ತ ಹಸಿರು ಕಾಯಿಯ ಮೇಲೆ, ರಂಗೋಲಿಯ ಮೇಲೆ, ಅವನ ಬಿಳಿ ಪ್ಯಾಂಟಿನ ಮೇಲೆ ಬಿತ್ತು. ಸಿಂಚನಾ ‘ಅಯ್ಯೋ’ ಎನ್ನುತ್ತ ಹಗ್ಗದ ಮೇಲಿದ್ದ ಹಳೆಯ ಪಂಚೆಯನ್ನು ಎಳೆದುಕೊಂಡು, ಆ ಹೊಟ್ಟೆಯಲ್ಲಿ ಸಾಧ್ಯವಾದಷ್ಟು ಬೇಗ ಓಡಿ ಬಂದು ಅವನ ಕೈ ಹಿಡಿಯಲು ಬಗ್ಗಿದಳು.

‘ಮುಟ್ಬೇಡ!’ ಚನ್ನೇಶ ಕಿರುಚಿದ. ಹಿಂದಕ್ಕೆ ಜಿಗಿದು ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ. ‘ದೂರ ಹೋಗು! ರಕ್ತ ಮುಟ್ಬೇಡ ಅಂದ್ನಲ್ಲ!’

ಏಕಾಂತಯ್ಯನ ಮುಖ ಸಣ್ಣದಾಯಿತು. ‘ಹೆದ್ರುಕೋಬ್ಯಾಡಿ ಅಳಿಯಂದ್ರೇ,’ ಎಂದ, ತಪ್ಪು ತನ್ನದೆಂಬ ಹಾಗೆ. ‘ಅವ್ಳಿಗೆ ಈಗ ಏನೂ ಇಲ್ಲ ಅಂದವ್ರೆ ಆಸ್ಪತ್ರೆಯೋರು. ಅವ್ಳು ಮುಟ್ಟುದ್ರೆ ನಿಮ್ಗೇನಾಗಕಿಲ್ಲ. ನಾನೇ ಕಿವಿಯಾರೆ ಕೇಳಿದೀನಿ.’

ಸಿಂಚನಾ ಬಗ್ಗಿದಲ್ಲಿಂದ ಮೆಲ್ಲಗೆ ನೆಟ್ಟಗಾದಳು. ಅವಳು ಅವನ ಮುಖ ನೋಡಲಿಲ್ಲ. ನೆಲದ ಮೇಲೆ ರಂಗೋಲಿಯ ಪುಡಿ ಹೀರಿಕೊಳ್ಳುತ್ತಿದ್ದ ಹನಿಗಳನ್ನು ನೋಡಿದಳು, ಆಮೇಲೆ ತನ್ನ ಎರಡು ಕೈಯನ್ನು ನೋಡಿಕೊಂಡಳು. ಅವಳ ಕೈಯಲ್ಲಿ ಗಾಯ ಇರಲಿಲ್ಲ. ‘ಅಪ್ಪ, ಒಳಗೆ ಅರಿಶಿನ ಇದೆ, ತಗೊಂಡ್ ಬಾ,’ ಎಂದಳು. ಏಕಾಂತಯ್ಯ ಹೋದ. ಅವಳು ಪಂಚೆಯನ್ನು ಅವನ ಕಡೆ ಎಸೆದಳು. ‘ನೀವೇ ಕಟ್ಕೊಳ್ಳಿ.’

ಅವನು ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸುತ್ತಿಕೊಳ್ಳತೊಡಗಿದ.

‘ನಿಮ್ದು ಯಾವತ್ತು ನೋಡ್ಕೊಂಡ್ರಿ?’

ಹಲ್ಲಿನಲ್ಲಿ ಬಟ್ಟೆ ಇತ್ತು. ಅದನ್ನೇ ನೆವ ಮಾಡಿಕೊಂಡು ಇನ್ನೊಂದು ಸುತ್ತು ಸುತ್ತಿದ. ಅವಳು ಕಾದಳು.

‘ಅವತ್ತೇ,’ ಎಂದ.

‘ನಂದು ನೋಡಿದ್ ದಿನಾನೇ?’

‘ಹೂಂ.’

‘ಅತ್ತೆಗೆ ನಂದು ಹೇಳೋಕ್ ಮುಂಚೇನಾ, ಆಮೇಲಾ?’

ಇಷ್ಟು ಸಣ್ಣ ಪ್ರಶ್ನೆಯನ್ನು ಅವನು ನಿರೀಕ್ಷಿಸಿರಲಿಲ್ಲ. ಅವಳು ಅಳಬಹುದು, ಬೈಯಬಹುದು, ಆಗ ತಾನೂ ಒಂದಿಷ್ಟು ಕೂಗಾಡಿ ಕೊನೆಗೆ ಕಾಲಿಗೆ ಬೀಳಬಹುದು ಎಂದೆಲ್ಲ ಆ ಕೆರೆ ಏರಿಯ ಮೇಲೆ ಅಂದುಕೊಂಡಿದ್ದ. ‘ಮುಂಚೆ,’ ಎಂದ.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅವನ ಎರಡು ಕೈಯೂ ರಕ್ತ, ಬಟ್ಟೆ. ಅವಳು ಎರಡು ಬೆರಳಿನಲ್ಲಿ ಅವನ ಅಂಗಿಯ ಜೇಬಿನಿಂದ ಫೋನ್ ತೆಗೆದು, ಒತ್ತಿ, ಅವನ ಬಾಯಿಯ ಮುಂದೆ ಹಿಡಿದಳು. ಸರ್ವಮಂಗಳಮ್ಮನ ದನಿ ಅಂಗಳಕ್ಕೆಲ್ಲ ಕೇಳಿಸುವ ಹಾಗೆ ಬಂತು. ‘ಹೊರಟ್ರೇನೋ? ರಾಹುಕಾಲಕ್ ಮುಂಚೆ ಬಿಡ್ರೋ.’

‘ಹೇಳಿ,’ ಎಂದಳು ಸಿಂಚನಾ ಪಿಸುದನಿಯಲ್ಲಿ.

‘ಅಮ್ಮ,’ ಎಂದ. ‘ಅಮ್ಮ, ನಂಗೂ ಇದೆ.’

‘ಏನಿದೆ?’

‘ಅದೇ. ರಕ್ತದ್ದು.’

ಆಚೆ ಕಡೆ ಕುಕ್ಕರ್ ಕೂಗಿ ನಿಂತಿತು. ಆಮೇಲೆ ತಾಯಿ, ಅವನು ಎಂದೂ ಕೇಳದಿದ್ದ ಅಳುಕಿನ ದನಿಯಲ್ಲಿ, ‘ಅವ್ಳಿಂದ ಬಂತೇನೋ ನಿಂಗೆ?’ ಎಂದಳು.

ಸಿಂಚನಾ ಫೋನನ್ನು ಅವನ ಬಾಯಿಯ ಮುಂದೆಯೇ ಹಿಡಿದಿದ್ದಳು. ಯಾರಿಂದ ಯಾರಿಗೆ ಎಂದು ಯಾವ ಕಾರ್ಡೂ ಹೇಳುವುದಿಲ್ಲ, ಇದು ಚನ್ನೇಶನಿಗೆ ಚೆನ್ನಾಗಿ ಗೊತ್ತಿತ್ತು. ಹಚ್ಚೆಯವಳ ಸೂಜಿಯಿರಬಹುದು, ಲಾರಿ ಡ್ರೈವರನ ರಕ್ತವಿರಬಹುದು, ಎರಡೂ ಬೇರೆ ಬೇರೆಯಾಗಿ ಬಂದಿರಬಹುದು. ಅವನಿಂದಲೇ ಅವಳಿಗೆ ಹೋಗಿ ಅವಳ ಮೈ ಉಗಿದಿರಲೂಬಹುದು. ಆದರೆ ಆ ಗಾಢ ಗೆರೆಯನ್ನೂ ಆ ಡ್ರೈವರನ ನಗೆಯನ್ನೂ ಅವನು ಮನಸ್ಸಿನಲ್ಲಿ ಜೋಡಿಸಿ ತೀರ್ಮಾನಕ್ಕೆ ಬಂದು ಎಷ್ಟೋ ದಿನವಾಗಿತ್ತು. ಅಲ್ಲ ಎಂದರೆ ಮುಗಿಯುತ್ತಿತ್ತು. ಎರಡೇ ಅಕ್ಷರ.

‘ಗೊತ್ತಿಲ್ಲಮ್ಮ,’ ಎಂದ.

ಸುಳ್ಳೇನಲ್ಲವಲ್ಲ ಎಂದು ಅವನ ಮನಸ್ಸು ಕೂಡಲೇ ಹೇಳಿತು. ಸಿಂಚನಾ ಫೋನ್ ನಿಲ್ಲಿಸಿ ಅವನ ಜೇಬಿಗೆ ಮತ್ತೆ ಹಾಕಿದಳು. ಕಾರಿನ ಬಾಗಿಲು ತೆರೆದು ತನ್ನ ಬ್ಯಾಗನ್ನು ಎಳೆದು ಇಳಿಸಿದಳು. ಭಾರವಾಗಿತ್ತು. ಅವನು ಒಂದು ಹೆಜ್ಜೆ ಮುಂದೆ ಇಟ್ಟ. ಅವಳು ಬೇಡವೆಂದು ಕೂಡ ಹೇಳಲಿಲ್ಲ, ಅವನು ಅಲ್ಲಿ ಇಲ್ಲದ ಹಾಗೆ ಬ್ಯಾಗನ್ನು ಸೊಂಟಕ್ಕೆ ಒತ್ತಿಕೊಂಡು ನಡೆದಳು. ಅರಿಶಿನ ಹಿಡಿದು ಹೊರಗೆ ಬರುತ್ತಿದ್ದ ಏಕಾಂತಯ್ಯ ‘ಇದ್ಯಾಕವ್ವ?’ ಎಂದ. ‘ಹೆರಿಗೆ ಇಲ್ಲೇ ಆಗ್ಲಿ ಅಪ್ಪ. ಇವ್ರೂ ಅದೇ ಸರಿ ಅಂತಿದಾರೆ,’ ಎಂದಳು. ಏಕಾಂತಯ್ಯ ಅಳಿಯನ ಕಡೆ ನೋಡಿದ. ಚನ್ನೇಶ ತಲೆಯಾಡಿಸಿದ. ‘ಒಳ್ಳೇದೇ ಆಯ್ತು ಬುಡಿ,’ ಎಂದ ಏಕಾಂತಯ್ಯ. ಅವನ ಸಂತೋಷ ಮುಚ್ಚಿಡಲು ಬರುವಂಥದ್ದಾಗಿರಲಿಲ್ಲ. ‘ಬನ್ನಿ, ಊಟಕ್ಕೇಳಿ. ಇಷ್ಟ್ ದೂರ ಬಂದು ಬರಿ ಹೊಟ್ಟೇಲಿ ಹೋಗ್ತಾರಾ?’

ಕೂರದೆ ಹೋಗಲು ಒಂದು ಕಾರಣ ಹೇಳಬೇಕಾಗಿತ್ತು. ಹೇಳಲು ಕಾರಣವಿರಲಿಲ್ಲ. ಮಾವನ ಪಕ್ಕದಲ್ಲಿ, ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸಿಂಚನಾಳೇ ಬಡಿಸಿದಳು. ಕೋಸಂಬರಿ, ಪಲ್ಯ, ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಯಾವುದನ್ನೂ ಕಡಿಮೆ ಹಾಕಲಿಲ್ಲ. ಬೆನ್ನು ಬಗ್ಗಿಸಲು ಆಗದೆ ಮಂಡಿಯೂರಿ ಬಡಿಸುತ್ತಿದ್ದಳು. ‘ಇನ್ನೊಂದ್ ಹಾಕ್ಲಾ?’ ಎಂದು ಕೇಳಿ ಉತ್ತರಕ್ಕೆ ಕಾಯುತ್ತಿದ್ದಳು. ಹೋಟೆಲಿನಲ್ಲಿ ಒಳ್ಳೆಯ ಸಪ್ಲೈಯರ್ ಗಿರಾಕಿಗೆ ಕೊಡುವಂಥ ಗಮನ ಅದು. ಅವನು ಅವಳ ಮುಖದಲ್ಲಿ ಸಿಟ್ಟನ್ನು ಹುಡುಕಿದ. ಸಿಟ್ಟು ಇದ್ದಿದ್ದರೆ ತನಗೆ ಅಲ್ಲಿ ಇನ್ನೂ ಜಾಗ ಇದೆ ಎಂದಾಗುತ್ತಿತ್ತು.

‘ನಾಳೆ ದೊಡ್ಡಾಸ್ಪತ್ರೆಗೆ ಹೋಗಿ,’ ಎಂದಳು, ಸಾರು ಬಿಡುತ್ತ. ‘ಆ ಕೌನ್ಸೆಲರ್ ಮೇಡಂ ಒಳ್ಳೇವ್ರು. ಏನೇನೋ ಕೇಳಿ ಮರ್ಯಾದೆ ತೆಗಿಯಲ್ಲ. ಮೂರ್ ತಿಂಗ್ಳು ಮಾತ್ರೆ ನುಂಗಿದ್ರೆ ಸಾಕಂತೆ. ಆ ಕಾಯ್ಲೆ ವಾಸಿಯಾಗುತ್ತಂತೆ.’

‘ಯಾರಿಗವ್ವ ಕಾಯ್ಲೆ?’ ಎಂದ ಏಕಾಂತಯ್ಯ, ತುತ್ತು ಕೈಯಲ್ಲೇ ಹಿಡಿದು.

ಚನ್ನೇಶ ತಲೆಯೆತ್ತಿದ. ಅವಳು ಸೌಟನ್ನು ಪಾತ್ರೆಯೊಳಗೆ ಇಟ್ಟಳು.

‘ಯಾರೋ ಅಪ್ಪ. ಇವ್ರ ಲ್ಯಾಬಿಗೆ ಬರೋರು.’

‘ಪಾಪ,’ ಎಂದ ಏಕಾಂತಯ್ಯ. ಕಾಣದ ಆ ಮನುಷ್ಯನಿಗಾಗಿ ನಿಜವಾಗಿ ಮರುಗುತ್ತ, ತಟ್ಟೆಯಿಂದ ಇನ್ನೊಂದು ಹೋಳಿಗೆ ತೆಗೆದು ಅಳಿಯನ ಎಲೆಗೆ ತಾನೇ ಬಡಿಸಿದ. ‘ತಿನ್ನಿ ಅಳಿಯಂದ್ರೇ.’

ಚನ್ನೇಶ ತಲೆ ಬಗ್ಗಿಸಿ ಅದನ್ನೂ ತಿಂದ.